ಬರಿಗೈ ಲೀಗಿನ ಎರ್ನಿ ಟಾಕಾಚ್

ಎರ್ನಿ ಟಾಕಾಚ್ ಫೆಬ್ರವರಿಯಲ್ಲಿ ತೀರಿಕೊಂಡ. ನೆಲ ಕಲ್ಲಾಗಿತ್ತು, ಗುಂಡಿ ತೋಡಲು ಯಂತ್ರ ತರಿಸಬೇಕಾಯಿತು. ಆದರೆ ಗೆಳೆಯರ ಪಾಲಿಗೆ ಅವನು ಹೋದದ್ದು ಅದಕ್ಕೂ ಮುಂಚೆ, ಹಿಂದಿನ ಮಾರ್ಚಿನ ಒಂದು ಶನಿವಾರ ಮಧ್ಯಾಹ್ನ, ಅಮೆರಿಕದ ಟೊಲಿಡೋ ಊರಿನ ಕಾನ್ಸಾಲ್ ಬೀದಿಯ ಬೌಲಿಂಗ್ ಮನೆಯ ಹಿಂದಿನ ಕೋಣೆಯಲ್ಲಿ.

ಅವನು ಹುಟ್ಟಿದ್ದು ಆ ಬೀದಿಯಲ್ಲೇ. ಅಪ್ಪ ಅಮ್ಮ ಹಂಗೇರಿಯಿಂದ ಬಂದವರು. ಓದು ಮುಗಿಯುತ್ತಲೇ ಗಾಜಿನ ಕಾರ್ಖಾನೆ ಸೇರಿದ. ಕಾರಿನ ಮುಂದಿನ ಗಾಜುಗಳನ್ನು ಬೆಳಕಿಗೆ ಹಿಡಿದು ಗುಳ್ಳೆ, ಗೀರು ಹುಡುಕುವ ಕೆಲಸ. ಕಾರ್ಖಾನೆ ಮುಚ್ಚುವವರೆಗೂ ಅದನ್ನೇ ಮಾಡಿದ. ಮಾರ್ಗೀಯನ್ನು ಮದುವೆಯಾದ. ಮಕ್ಕಳಾಗಲಿಲ್ಲ. ಆ ವಿಷಯ ಇಬ್ಬರೂ ಆಡುತ್ತಿರಲಿಲ್ಲ. ಸಿಟ್ಟು ಬೇಗ, ಅದಕ್ಕಿಂತ ಬೇಗ ನಗು. ಇಷ್ಟೇ ಆಗಿದ್ದರೆ ಅವನ ಬಗ್ಗೆ ಬರೆಯಲು ಹೆಚ್ಚೇನೂ ಇರುತ್ತಿರಲಿಲ್ಲ. ಅವನಿಗೆ ಇನ್ನೊಂದು ಬದುಕಿತ್ತು. ಅದು ಫ್ಯಾಂಟಸಿ ಬೇಸ್‌ಬಾಲ್.

ಹತ್ತು ಜನ ಗೆಳೆಯರು ಒಂದು ಮೇಜಿನ ಸುತ್ತ ಕೂರುತ್ತಾರೆ. ದೇಶದ ದೊಡ್ಡ ತಂಡಗಳಲ್ಲಿ ಆಡುವ ನಿಜವಾದ ಆಟಗಾರರನ್ನು ಸರದಿಯಂತೆ ಒಬ್ಬೊಬ್ಬರಾಗಿ ಆರಿಸಿಕೊಂಡು ತಮ್ಮ ತಮ್ಮ ತಂಡ ಕಟ್ಟುತ್ತಾರೆ. ಒಬ್ಬ ಕರೆದ ಹೆಸರು ಇನ್ನೊಬ್ಬನಿಗಿಲ್ಲ. ಮುಂದೆ ಬೇಸಿಗೆಯುದ್ದಕ್ಕೂ ಆ ಆಟಗಾರರು ಎಲ್ಲೋ ದೂರದ ಮೈದಾನಗಳಲ್ಲಿ ಹೊಡೆದದ್ದು, ಓಡಿದ್ದು, ಎಸೆದದ್ದು ಇವರ ಲೆಕ್ಕಕ್ಕೆ ಬರುತ್ತದೆ. ಆರಿಸುವ ಆ ಮಧ್ಯಾಹ್ನಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಬೇಸ್‌ಬಾಲ್ ಆಡುವವರಿಗೆ ಬೇಸಿಗೆ ದೊಡ್ಡದು, ಇವರಿಗೆ ಡ್ರಾಫ್ಟ್ ದೊಡ್ಡದು.

ಬೇರೆ ಕಡೆ ಜನ ಕಂಪ್ಯೂಟರ್ ಹಿಡಿದು, ಪುಟಗಟ್ಟಲೆ ಅಂಕಿ ಹರಡಿಕೊಂಡು ಕೂರುತ್ತಾರೆ. ಇವರದು ಬರಿಗೈ ಲೀಗ್. ಮೊದಲ ವರ್ಷವೇ ಅವರಲ್ಲೊಬ್ಬನಾದ ಓರ್ವಿಲ್ ಬೆನೆಡೆಕ್ ಒಂದು ಜಗ್ ಬಿಯರನ್ನು ಮೇಜಿನ ಮೇಲೆ ಮಗುಚಿ ಎಲ್ಲರ ಹಾಳೆಗಳನ್ನೂ ಗಂಜಿ ಮಾಡಿದ್ದ. ಅವತ್ತು ನೆನಪಿನಿಂದಲೇ ಆರಿಸಿದರು. ಅದೇ ಕಟ್ಟಳೆಯಾಯಿತು. ಯಾರ ಮುಂದೆಯೂ ಚೂರು ಕಾಗದ ಇರಕೂಡದು. ಯಾರು ಯಾರನ್ನು ತೆಗೆದುಕೊಂಡರೆಂದು ಓರ್ವಿಲ್ ಒಬ್ಬನೇ ಗೋಡೆಗೆ ಮುಖಮಾಡಿ ಬರೆದುಕೊಳ್ಳುತ್ತಾನೆ, ಯಾರಿಗೂ ತೋರಿಸುವುದಿಲ್ಲ. ಬೇರೆಯವರು ಯಾವ ಆಟಗಾರ ಹೋದ, ಯಾವನು ಉಳಿದ ಎಂಬುದನ್ನು ತಲೆಯಲ್ಲೇ ಹೊರಬೇಕು. ಒಂದು ನಿಮಿಷದೊಳಗೆ ಹೆಸರು ಹೇಳದಿದ್ದರೆ ಎಲ್ಲರೂ ಲೋಟ ಕುಟ್ಟಿ ಕೂಗುತ್ತಾರೆ. ಆಗಲೇ ಹೋದವನ ಹೆಸರನ್ನು ಯಾವನಾದರೂ ಕರೆದನೋ, ಗೋಡೆಯ ಮೊಳೆಗೆ ತೂಗುಹಾಕಿದ, ಬ್ಯಾಟಿನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರನ ಹಳೆಯ ಮುಖವಾಡ, ಬೆವರು ನಾರುವ ಕಬ್ಬಿಣದ ಜಾಲರಿ, ಅದನ್ನು ಹಾಕಿಕೊಂಡು ಮುಂದಿನ ಸುತ್ತು ಮುಗಿಯುವ ತನಕ ಕೂರಬೇಕು. ಎಲ್ಲರೂ ಒಂದಲ್ಲ ಒಂದು ವರ್ಷ ಹಾಕಿಕೊಂಡವರೇ. ಎರ್ನಿ ಮಾತ್ರ ಹಾಕಿಕೊಂಡಿರಲಿಲ್ಲ.

ಅವನ ಲೆಕ್ಕಾಚಾರ ಬೇರೆಯವರಿಗೆ ತಿಳಿಯದ್ದೇನಲ್ಲ. ತಿಳಿದೂ ಅವರಿಗೆ ಅದು ಒಗ್ಗುತ್ತಿರಲಿಲ್ಲ, ಅಷ್ಟೇ. ಪಿಚರ್‌ಗಳನ್ನು ಮೊದಲು ತೆಗೆದುಕೊಳ್ಳಬಾರದು, ಚೆಂಡೆಸೆಯುವವರ ತೋಳು ಯಾವಾಗ ಕೈಕೊಡುತ್ತದೋ ಹೇಳಲಾಗದು. ಫಸ್ಟ್ ಬೇಸಿನಲ್ಲಿ ನಿಲ್ಲುವವನನ್ನು ಆರಿಸಲು ಅವಸರವಿಲ್ಲ, ಹತ್ತನೆಯವನೂ ಮೊದಲನೆಯವನಿಗಿಂತ ತುಂಬ ಕಡಿಮೆಯೇನಿಲ್ಲ. ಆದರೆ ಶಾರ್ಟ್‌ಸ್ಟಾಪ್ ಜಾಗದಲ್ಲಿ, ಸೆಕೆಂಡ್ ಥರ್ಡ್ ಬೇಸುಗಳ ನಡುವೆ, ನಿಂತು, ಬ್ಯಾಟನ್ನೂ ಬೀಸಬಲ್ಲವರು ಮೂರೋ ನಾಲ್ಕೋ ಜನ. ಅವರು ಹೋದರೆ ಆಮೇಲೆ ಬರೀ ಬೆಂಗಾಡು. "ಚೆನ್ನಾಗಿರೋನು ಎಲ್ಲರ ಕಣ್ಣಿಗೂ ಬೀಳ್ತಾನೆ ಕಣ್ರೋ. ಅವನು ಹೋದ್ಮೇಲೆ ಏನು ಉಳಿಯುತ್ತೆ, ಅದನ್ನ ನೋಡ್ಬೇಕು," ಎನ್ನುತ್ತಿದ್ದ. ಹೀಗೆ ಎಷ್ಟೋ ವರ್ಷ ಗೆದ್ದ. ಗೆದ್ದ ವರ್ಷ ಗೆಳೆಯರು ಅವನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಸೋತ ವರ್ಷ ಇನ್ನೂ ಹೆಚ್ಚು. ಆ ಬೈಗುಳ ಕೇಳಿಸಿಕೊಂಡು ಮನೆಗೆ ಬಂದು ಮಾರ್ಗೀಗೆ ಒಂದೂ ಬಿಡದೆ ಒಪ್ಪಿಸುತ್ತಿದ್ದ. ಬೇರೆಯವರು ಸಂಬಳ ತಂದು ಕೊಡುವ ಹಾಗೆ.

ಆ ಶನಿವಾರಕ್ಕೆ ಮುಂಚಿನ ಸೆಪ್ಟೆಂಬರಿನಲ್ಲಿ ಅವನು ಡ್ವೈಟ್ ಲೆಮ್ಕಿಗೆ ಫೋನ್ ಮಾಡಿ ಆಟಗಾರರ ಒಂದು ಅದಲುಬದಲಿನ ಮಾತೆತ್ತಿದ. ಡ್ವೈಟ್ ಅವನ ಬಾಲ್ಯದ ಗೆಳೆಯ, ಲೀಗಿನ ಮಹಾ ಧೂರ್ತ. ಆಗೋದಿಲ್ಲ ಎಂದ. ಸ್ವಲ್ಪ ಹೊತ್ತಿಗೆ ಎರ್ನಿ ಮತ್ತೆ ಫೋನ್ ಮಾಡಿ ಅದೇ ಮಾತು, ಅದೇ ನಗೆಚಾಟಿಕೆ. ತನ್ನನ್ನು ಸುಸ್ತು ಹೊಡೆಸಲು ಹೂಡಿದ ಹೊಸ ಉಪಾಯ ಎಂದುಕೊಂಡ ಡ್ವೈಟ್ ಕೆಟ್ಟದಾಗಿ ಬೈದು ಫೋನಿಟ್ಟ. ಅಡುಗೆಮನೆಯಲ್ಲಿ ನಿಂತಿದ್ದ ಮಾರ್ಗೀ ಎರಡೂ ಸಲ ಕೇಳಿಸಿಕೊಂಡಿದ್ದಳು. ಅವಳು ಡಾಕ್ಟರ ಬಳಿ ಹೋಗುವ ದಿನ ಗೊತ್ತುಮಾಡಿಕೊಂಡಳು.

ಡಾಕ್ಟರು ಹೇಳಿದ್ದರಲ್ಲಿ ಬಚ್ಚಿಡುವಂಥದೇನೂ ಇರಲಿಲ್ಲ. ಮರೆವಿನ ಕಾಯಿಲೆ. ಹೋದದ್ದು ಮರಳಿ ಬರುವುದಿಲ್ಲ, ಇರುವುದೂ ಹೋಗುತ್ತದೆ. ಮರಳುವ ದಾರಿಯಲ್ಲಿ ಕಾರು ಮೌಮೀ ನದಿಯ ಸೇತುವೆ ದಾಟುವಾಗ ಎರ್ನಿ ಹೇಳಿದ:

"ಹುಡುಗರಿಗೆ ಹೇಳ್ಬೇಡ."

"ಯಾವ ಹುಡುಗರಿಗೆ? ಎಲ್ಲರಿಗೂ ಎಪ್ಪತ್ತಾಗ್ತಾ ಬಂತು."

"ಅವರಿಗೇ. ಹೇಳ್ಬೇಡ."

ಆ ಚಳಿಗಾಲವೆಲ್ಲ ಅವರು ಅಡುಗೆಮನೆಯ ಮೇಜಿನಲ್ಲಿ ಡ್ರಾಫ್ಟ್ ಆಡಿದರು. ಮಾರ್ಗೀ ಒಬ್ಬಳೇ ಒಂಬತ್ತು ಜನ. ಪತ್ರಿಕೆ ನೋಡಿ ಹೆಸರು ಓದುವಳು, ತನ್ನ ಪಾಳಿ ಬಂದಾಗ ಎರ್ನಿ ಹೇಳಬೇಕು. ಎರಡನೆಯ ಸುತ್ತು ಮುಗಿಯುವುದರೊಳಗೆ ಅವನು ಹೋದವರ ಹೆಸರನ್ನೇ ಕರೆಯುತ್ತಿದ್ದ. ಹೆಸರುಗಳು ಗೊತ್ತಿದ್ದವು. ಯಾರ ಬ್ಯಾಟು ಹೇಗೆ, ಯಾರ ತೋಳು ಹೇಗೆ, ಎಲ್ಲವೂ ಗೊತ್ತಿತ್ತು. ಹೋದವರು ಯಾರು, ಉಳಿದವರು ಯಾರು ಎಂಬುದಷ್ಟೇ ನಿಲ್ಲುತ್ತಿರಲಿಲ್ಲ. ಒಂದು ಸಲ ಮೇಜಿಗೆ ಕೈ ಅಪ್ಪಳಿಸಿ ಎದ್ದುಹೋದ. ಮಾರ್ಗೀ ತಣ್ಣಗಾದ ಸೂಪಿನ ಮುಂದೆ ಕುಳಿತೇ ಇದ್ದಳು.

ಜನವರಿಯಲ್ಲಿ ಅವನಿಗೊಂದು ದಾರಿ ಹೊಳೆಯಿತು. ದೇಶದ ದೊಡ್ಡ ತಂಡಗಳ ಪೈಕಿ ಹಿಂದಿನ ವರ್ಷ ಕಟ್ಟಕಡೆಗೆ ಬಿದ್ದದ್ದೊಂದಿತ್ತು. ಅದರ ಆಟಗಾರರನ್ನು ಯಾರೂ ಬಯಸುವುದಿಲ್ಲ, ಕೊನೆಕೊನೆಯ ಸುತ್ತುಗಳವರೆಗೆ ಅವರ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಹಾಗಾದರೆ ಅವರನ್ನೇ ಮೊದಲಿನಿಂದ ಆರಿಸುತ್ತ ಹೋದರೆ? ಯಾರು ಹೋದರು ಎಂದು ನೆನಪಿಡುವ ಕೆಲಸವೇ ಇಲ್ಲ. ತಾನು ಎಲ್ಲಿಗೆ ಬಂದೆ ಎಂದು ತಿಳಿದರೆ ಸಾಕು. ಅದಕ್ಕೂ ಉಪಾಯ ಮಾಡಿದ. ಕಣ್ಣು ಮುಚ್ಚಿ ಮೈದಾನಕ್ಕಿಳಿಯುತ್ತಿದ್ದ. ಮೊದಲು ಕುಕ್ಕರಗಾಲಿನಲ್ಲಿ ಕೂತ ಕ್ಯಾಚರ್. ಅಲ್ಲಿಂದ ನಡೆದರೆ ಫಸ್ಟ್ ಬೇಸ್. ಮುಂದೆ ಸೆಕೆಂಡ್ ಬೇಸ್. ಮುಂದೆ ಶಾರ್ಟ್‌ಸ್ಟಾಪ್, ಥರ್ಡ್ ಬೇಸ್, ಆಮೇಲೆ ದೂರದ ಹುಲ್ಲಿನಲ್ಲಿ ಮೂವರು. ಬರೀ ಹೆಸರಾಗಿ ತಲೆಯಲ್ಲಿ ನಿಲ್ಲದವರು ಮೈದಾನದಲ್ಲಿ ಅಲುಗದೆ ನಿಂತರು. ಹತ್ತು ಸಲ ನಡೆದರೂ ಹತ್ತು ಸಲವೂ ಅಲ್ಲೇ ಇದ್ದರು.

"ಇವರನ್ನಿಟ್ಕೊಂಡು ನೀನು ಸೋಲ್ತೀಯ," ಎಂದಳು ಮಾರ್ಗೀ.

"ಮಣ್ಣು ಮುಕ್ತೀನಿ. ಪ್ರಪಂಚದಲ್ಲಿ ನನ್ನಂಥ ಪೆದ್ದ ಇಲ್ಲ ಅಂತ ಬೈತಾರೆ. ಬೈಲಿ."

"ಅದಕ್ಕೇನು ಅಷ್ಟು ಖುಷಿ?"

"ಪೆದ್ದ ಅಂತ ಬೈದ್ರೆ ನಾನಿನ್ನೂ ಮೇಜಲ್ಲಿ ಇದೀನಿ ಅಂತ ಅರ್ಥ. ಗೊತ್ತಾದ್ರೆ ಅವರು ಬೈಯಲ್ಲ, ಮಾರ್ಗೀ. ಅವತ್ತಿಗೆ ನನ್ನ ಕತೆ ಮುಗೀತು."

ಮಾರ್ಚಿನ ಆ ಶನಿವಾರ ಅವಳೇ ಅವನನ್ನು ಬೌಲಿಂಗ್ ಮನೆಯ ಬಾಗಿಲಲ್ಲಿ ಇಳಿಸಿದಳು. ಅವನ ಕಾರು ರಿಪೇರಿಗೆ ಹೋಗಿದೆ ಎಂದು ಗೆಳೆಯರಿಗೆ ಹೇಳುವುದೆಂದು ಮೊದಲೇ ಮಾತಾಗಿತ್ತು. ಒಳಗೆ ಮಾಂಸ ತುಂಬಿದ ಎಲೆಕೋಸಿನ ಸುರುಳಿ, ಖಾರದ ಸಾಸ್ ಸುರಿದ ಸಾಸೇಜು, ಬಿಯರು. ಪಕ್ಕದ ಅಂಕಣಗಳಲ್ಲಿ ಗೂಟ ಬೀಳಿಸಲು ಉರುಳುವ ಚೆಂಡುಗಳ ಗುಡುಗು.

"ಬಂತಪ್ಪ ಬಂತು, ಗಾಜಿನ ಹುಳ ಬಂತು!" ರೂಡಿ ಸಾಬೋ ಕೂಗಿದ. ಅವನಿಗೆ ಕೂಗದೆ ಮಾತಾಡಲು ಬರುತ್ತಿರಲಿಲ್ಲ. "ಈ ವರ್ಷ ಯಾರ ಜೇಬು ಕತ್ತರಿಸ್ತೀಯೋ?"

"ನಿನ್ನ ಜೇಬಲ್ಲಿ ಕತ್ತರಿಸೋಕೆ ಏನಿದೆ, ಹಲ್ಲುಕಡ್ಡಿ ಬಿಟ್ಟು?" ಎಂದ ಎರ್ನಿ. ಎಲ್ಲರೂ ನಕ್ಕರು. ಅವನಿಗೆ ಉಸಿರು ಬಂದಂತಾಯಿತು.

ಮೊದಲ ಸುತ್ತು. ಪಾಳಿ ಬಂದಾಗ ಕಣ್ಣು ಮುಚ್ಚಿದ, ಮೈದಾನಕ್ಕಿಳಿದ. ಕುಕ್ಕರಗಾಲಿನವನು ಅಲ್ಲೇ ಇದ್ದ.

"ಕಾರ್ಲ್ ನೀಮನ್."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಕೋಣೆಯೇ ಹಾರಿಹೋಗುವಂತೆ ನಗು.

"ಮೊದಲನೇ ಸುತ್ತಲ್ಲಿ ಕ್ಯಾಚರ್! ಅದೂ ಆ ದರಿದ್ರ ತಂಡದವನು!"

"ಇವನ ಹೆಂಡತಿ ಆರಿಸಿ ಕಳಿಸಿದಾಳೆ ಕಣ್ರೋ."

"ಲೋ ಓರ್ವಿಲ್, ಬೇಗ ಬರ್ಕೋ, ಮನಸ್ಸು ಬದಲಾಯಿಸಿಬಿಟ್ಟಾನು!"

ಎರಡನೆಯ ಸುತ್ತಿಗೆ ಫಸ್ಟ್ ಬೇಸಿನ ಡೇರಿಲ್ ಓಟ್ಸ್. ಮೂರನೆಯದಕ್ಕೆ ಸೆಕೆಂಡ್ ಬೇಸಿನ ಮಾರ್ಟೆಲ್. ಈಗ ನಗುವಿನ ಜೊತೆಗೆ ಅನುಮಾನವೂ ಸೇರಿಕೊಂಡಿತು. ಇಷ್ಟು ವರ್ಷ ತಮ್ಮನ್ನು ಸೋಲಿಸಿದವನು ಸುಮ್ಮನೆ ಹೀಗೆ ಮಾಡುತ್ತಾನೆಯೇ? ಏನೋ ಹೂಡಿದ್ದಾನೆ. ಡ್ವೈಟ್ ಕಣ್ಣು ಕಿರಿದು ಮಾಡಿ ಅವನನ್ನೇ ನೋಡಿದ.

"ಏನೋ ಇದು ಮುದುಕಾ? ಇಡೀ ತಂಡಾನೇ ಮನೆಗೆ ಕರ್ಕೊಂಡು ಹೋಗ್ತೀಯಾ? ಊಟಕ್ಕೆ ಹಾಕೋಕೆ ಮಾರ್ಗೀ ಒಪ್ಪಿದಾಳಾ?"

"ನೀನು ನಿನ್ನ ತಟ್ಟೆ ನೋಡ್ಕೊಳ್ಳೋ."

ಎರ್ನಿಯ ಬೆನ್ನು ಬೆವರಿತ್ತು. ಆದರೂ ಅಷ್ಟು ಸುಖವಾಗಿ ಅವನು ಆ ಚಳಿಗಾಲದಲ್ಲಿ ಒಂದು ದಿನವೂ ಇರಲಿಲ್ಲ. ಬೈಗುಳ ಮಳೆಯಂತೆ ಸುರಿಯುತ್ತಿತ್ತು.

ನಾಲ್ಕನೆಯ ಸುತ್ತಿನಲ್ಲಿ ಎರ್ನಿಗಿಂತ ಮುಂಚಿನ ಪಾಳಿ ಡ್ವೈಟ್‌ನದು. ಡ್ವೈಟ್ ಮೀಸೆಯಡಿ ನಕ್ಕ. ಗೆಳೆಯ ಏನನ್ನೋ ಪೋಣಿಸುತ್ತಿದ್ದಾನೆ, ನಡುವಿನ ಒಂದು ಮಣಿ ಕಿತ್ತರೆ ಮುಖ ಹೇಗಾಗುತ್ತದೋ ನೋಡೋಣ ಎಂಬ ಹಳೆಯ ತುಂಟತನ. ಎದುರಾಳಿಯ ಕಣ್ಣಿರುವ ಆಟಗಾರನನ್ನು ತನಗೆ ಬೇಡದಿದ್ದರೂ ಎತ್ತಿಕೊಳ್ಳುವುದು ಈ ಆಟದಲ್ಲಿ ತಪ್ಪಲ್ಲ, ಒಂದು ಬಗೆಯ ಮರ್ಯಾದೆ.

"ಟೋಬಿ ಲಿನಾರೆಸ್," ಎಂದ. ಕೊನೆಯ ತಂಡದ ಶಾರ್ಟ್‌ಸ್ಟಾಪ್.

ಮೇಜಿನ ಸುತ್ತ ಕೇಕೆ ಎದ್ದಿತು. ಎರ್ನಿ ಕಣ್ಣು ಮುಚ್ಚಿ ನಡೆಯುತ್ತಿದ್ದ. ಕ್ಯಾಚರ್, ಫಸ್ಟ್ ಬೇಸ್, ಸೆಕೆಂಡ್ ಬೇಸ್. ಲಿನಾರೆಸ್ ಎಂಬ ಹೆಸರು ಕಿವಿಗೆ ಬಿದ್ದು ಅವನಿಗೆ ಸಂತೋಷವೇ ಆಯಿತು. ಮುಂದಿನವನು ಅವನೇ ಅಲ್ಲವೇ?

"ಟೋಬಿ ಲಿನಾರೆಸ್," ಎಂದ.

ರೂಡಿ ಕುರ್ಚಿಯ ಮೇಲೆ ಎದ್ದು ನಿಂತ. "ಮುಖವಾಡ! ಮುಖವಾಡ! ಅಯ್ಯೋ ದೇವರೇ, ಈ ದಿನ ನೋಡೋಕೆ ಬದುಕಿದ್ದೆ ನಾನು! ಟಾಕಾಚ್‌ಗೆ ಮುಖವಾಡ!"

ಜಾಲರಿಯನ್ನು ತಂದು ತಲೆಗೆ ಬಿಗಿದರು. ಬೆನ್ನಿಗೆ ಗುದ್ದಿದರು. ಎರ್ನಿಯೂ ನಕ್ಕ. ಇದು ಎಲ್ಲರಿಗೂ ಆಗುವಂಥದೇ. ಮುಖವಾಡದ ಮರೆಯಲ್ಲಿ ಮತ್ತೆ ಮೊದಲಿನಿಂದ ನಡೆಯತೊಡಗಿದ. ಕ್ಯಾಚರ್. ಫಸ್ಟ್ ಬೇಸ್. ಸೆಕೆಂಡ್ ಬೇಸ್. ಅದರಾಚೆ ಅವನೇ ನಿಂತಿದ್ದ, ಮಂಡಿಯ ಮೇಲೆ ಕೈಯಿಟ್ಟುಕೊಂಡು.

"ಲಿನಾರೆಸ್."

ಈ ಸಲ ನಗು ಇನ್ನೂ ಜೋರು. ಬೇಕೆಂದೇ ಆಡಿಸುತ್ತಿದ್ದಾನೆ ಎಂದುಕೊಂಡರು. ರೂಡಿ ಕಣ್ಣೊರೆಸಿಕೊಳ್ಳುತ್ತ, "ಸಾಕು ಮಾರಾಯ, ಹೊಟ್ಟೆ ಹುಣ್ಣಾಯ್ತು," ಎಂದ. ಡ್ವೈಟ್ ನಗುತ್ತಿರಲಿಲ್ಲ. ಅವನಿಗೆ ಸೆಪ್ಟೆಂಬರಿನ ಆ ಎರಡು ಫೋನು ನೆನಪಾಗಿರಬೇಕು.

"ಅವನನ್ನ ನಾನು ತಗೊಂಡೆ ಎರ್ನಿ," ಎಂದ ಮೆಲ್ಲಗೆ. "ಬೇರೆ ಹೇಳು."

ಬೇರೆ. ಎರ್ನಿ ಮತ್ತೆ ಇಳಿದ. ಈಗ ಶಾರ್ಟ್‌ಸ್ಟಾಪ್ ಜಾಗ ಖಾಲಿಯಾಗಿತ್ತು. ಅದನ್ನು ದಾಟಿ ಥರ್ಡ್ ಬೇಸಿಗೆ ಹೋಗಬೇಕು ಎನ್ನುವುದು ಅವನಿಗೆ ತಿಳಿಯಲಿಲ್ಲ. ಖಾಲಿ ಜಾಗದಲ್ಲಿ ಯಾರೋ ಇರಲೇಬೇಕು. ಲೋಟಗಳು ಕುಟ್ಟತೊಡಗಿದವು. ಆ ಮೈದಾನದಲ್ಲಿ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಮರದ ಹಲಗೆಯ ಮೆಟ್ಟಿಲುಗಳಲ್ಲಿ ಜನ. ಪಕ್ಕದಲ್ಲಿ ಅಪ್ಪ ಕಡಲೆಕಾಯಿ ಸುಲಿಯುತ್ತಿದ್ದ. ಆ ಜಾಗದಲ್ಲಿ ಯಾವಾಗಲೂ ನಿಲ್ಲುತ್ತಿದ್ದವನೇ ಬಂದು ನಿಂತ, ಟೋಪಿ ಸರಿಮಾಡಿಕೊಂಡ.

"ವೆಂಡೆಲ್ ಕ್ರೌಸ್," ಎಂದ ಎರ್ನಿ. ಸರಿಯಾದ ಹೆಸರು ಸಿಕ್ಕ ನೆಮ್ಮದಿ ಅವನ ದನಿಯಲ್ಲಿತ್ತು.

ಲೋಟಗಳು ನಿಂತವು. ವೆಂಡೆಲ್ ಕ್ರೌಸ್ ಅವರೆಲ್ಲ ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ ಟೊಲಿಡೋ ತಂಡಕ್ಕೆ ಆಡುತ್ತಿದ್ದವನು. ಆಟ ಬಿಟ್ಟ ಮೇಲೆ ಇದೇ ಬೀದಿಯ ಕೊನೆಯಲ್ಲಿ ಬಣ್ಣದ ಅಂಗಡಿ ಇಟ್ಟಿದ್ದ. ಅವನು ಸತ್ತು ಅಂಗಡಿಯೂ ಹೋಗಿ ಎಷ್ಟೋ ಕಾಲವಾಗಿತ್ತು.

ಪಕ್ಕದ ಅಂಕಣದಲ್ಲಿ ಯಾರೋ ಎಲ್ಲ ಗೂಟಗಳನ್ನೂ ಒಂದೇ ಏಟಿಗೆ ಉರುಳಿಸಿದರು. ಅಲ್ಲಿ ಚಪ್ಪಾಳೆ. ಇಲ್ಲಿ ಯಾರೂ ಅಲುಗಲಿಲ್ಲ. ರೂಡಿ ಕುರ್ಚಿಯಿಂದ ಸದ್ದಾಗದಂತೆ ಇಳಿದ. ಓರ್ವಿಲ್ ಗೋಡೆಯಿಂದ ಈ ಕಡೆ ತಿರುಗಿ ಪೆನ್ನಿನ ಮುಚ್ಚಳ ಹಾಕಿದ, ತೆಗೆದ.

"ನಿಧಾನವಾಗಿ ಹೇಳು ಎರ್ನಿ," ಎಂದ. "ಅವಸರ ಏನಿಲ್ಲ."

ಬರಿಗೈ ಲೀಗಿನಲ್ಲಿ ಯಾರಿಗೂ ಯಾರೂ ಹಾಗೆ ಹೇಳಿದ್ದಿಲ್ಲ. ಎರ್ನಿಗೆ ತಾನೇನು ತಪ್ಪು ಹೇಳಿದೆನೆಂದು ತಿಳಿಯಲಿಲ್ಲ. ಆದರೆ ಆ ದನಿ ತಿಳಿಯಿತು. ಡಾಕ್ಟರ ಕೋಣೆಯಲ್ಲಿ ಕೇಳಿದ ದನಿ ಅದು.

"ಆ ಮುಖವಾಡ ತೆಗೆದುಬಿಡೋ, ಸೆಕೆ," ಎಂದ ರೂಡಿ. ಅವನಿಗೂ ಮೆತ್ತಗೆ ಮಾತಾಡಲು ಬರುತ್ತದೆಂದು ಅವತ್ತು ಗೊತ್ತಾಯಿತು.

"ಸುತ್ತು ಮುಗಿದಿಲ್ಲ," ಎಂದ ಎರ್ನಿ. ತೆಗೆಯಲಿಲ್ಲ. ಜಾಲರಿಯ ಹಿಂದೆ ಅವನ ಮುಖ ಯಾರಿಗೂ ಕಾಣಲಿಲ್ಲ.

ಆಮೇಲೆ ಡ್ವೈಟ್ ಕುರ್ಚಿ ಹತ್ತಿರ ಎಳೆದುಕೊಂಡು ಕುಳಿತು ಪ್ರತಿ ಪಾಳಿಗೂ ಅವನ ಕಿವಿಯಲ್ಲಿ ಹೆಸರು ಹೇಳಿಕೊಟ್ಟ. ಕಟ್ಟಳೆ ಮುರಿಯಿತೆಂದು ಯಾರೂ ಕೂಗಲಿಲ್ಲ. ಆ ಕೊನೆಯ ತಂಡದಿಂದ ಬೇರೆ ಯಾರೂ ಒಬ್ಬನನ್ನೂ ಮುಟ್ಟಲಿಲ್ಲ. ಇಡೀ ಮೈದಾನವನ್ನು ಅವನಿಗೇ ಬಿಟ್ಟುಕೊಟ್ಟರು. ಮುಗಿದಾಗ ಒಬ್ಬ ಕೋಟು ತೊಡಿಸಿದ, ಇನ್ನೊಬ್ಬ ಬಾಗಿಲು ಹಿಡಿದ.

"ಹೇಗಾಯ್ತು?" ಮಾರ್ಗೀ ಕಾರಿನಲ್ಲಿ ಕೇಳಿದಳು.

"ಯಾರೂ ಬೈಲಿಲ್ಲ," ಎಂದ. ಸ್ವಲ್ಪ ದೂರ ಹೋದ ಮೇಲೆ ಇನ್ನೊಮ್ಮೆ ಹೇಳಿದ. ಅವಳು ಗಾಡಿ ಪಕ್ಕಕ್ಕೆ ನಿಲ್ಲಿಸಿದಳು. ಮುಂದೆ ಓಡಿಸಲು ಅವಳಿಗೆ ರಸ್ತೆ ಕಾಣುತ್ತಿರಲಿಲ್ಲ.

ಹಿಂದಿನ ಬೇಸಿಗೆಗಳಲ್ಲಿ ಎರ್ನಿಯ ಮನೆಯ ಫೋನು ಬಾಯಿ ಮುಚ್ಚುತ್ತಿರಲಿಲ್ಲ. ನಿನ್ನ ಪಿಚರ್ ಕೊಡು, ನನ್ನ ಮುರುಕನ್ನು ತಗೋ, ಹೆಣ್ಣು ನೋಡಲು ಬಂದವರಂತೆ ಯಾಕೆ ಯೋಚಿಸುತ್ತೀಯ, ಹೀಗೆ. ಆ ಬೇಸಿಗೆಯಲ್ಲೂ ಫೋನು ಬರುತ್ತಿತ್ತು. ಚೆನ್ನಾಗಿದೀಯಾ, ಊಟ ಸೇರುತ್ತಾ, ಮಾರ್ಗೀ ಹೇಗಿದಾಳೆ. ಎರ್ನಿ ಎಲ್ಲರಿಗೂ ಥ್ಯಾಂಕ್ಸ್ ಹೇಳಿ ಇಡುತ್ತಿದ್ದ. ಇಟ್ಟ ಮೇಲೆ ಫೋನಿನ ಪಕ್ಕದಲ್ಲೇ ನಿಂತಿರುತ್ತಿದ್ದ. ರೂಡಿಯ ಹೆಂಡತಿ ವಾರಕ್ಕೊಮ್ಮೆ ಕೇಕು ಕಳಿಸುತ್ತಿದ್ದಳು. ಅದನ್ನು ಅವನು ಮುಟ್ಟುತ್ತಿರಲಿಲ್ಲ.

ಜುಲೈಯಲ್ಲಿ ಒಂದು ಸಂಜೆ ಡ್ವೈಟ್ ಬಂದ. ಎರ್ನಿ ಮುಂದಿನ ಜಗಲಿಯಲ್ಲಿ ರೇಡಿಯೋ ಹಾಕಿಕೊಂಡು ಕುಳಿತಿದ್ದ. ಅವತ್ತು ಬೆಳಗಿನಿಂದ ಅವನ ತಲೆ ತಿಳಿಯಾಗಿತ್ತು. ಅಂಥ ದಿನಗಳು ಆಗ ಇನ್ನೂ ಬರುತ್ತಿದ್ದವು.

"ಒಂದು ಅದಲುಬದಲು ಮಾಡೋಣ ಅಂತ ಬಂದೆ," ಎಂದ ಡ್ವೈಟ್, ಮೆಟ್ಟಿಲ ಮೇಲೆ ಕೂರುತ್ತ. "ಹೋಲ್ಡನ್ ಪ್ರೂಟ್‌ನ ಕೊಡ್ತೀನಿ. ನಿನ್ನ ಕ್ಯಾಚರ್‌ನ ಕೊಡು."

ಪ್ರೂಟ್ ಆ ವರ್ಷ ಎಲ್ಲರಿಗಿಂತ ಹೆಚ್ಚು ಹೋಮ್ ರನ್ ಹೊಡೆಯುತ್ತಿದ್ದವನು.

ಎರ್ನಿ ರೇಡಿಯೋ ನಿಲ್ಲಿಸಿದ. "ಪ್ರೂಟ್‌ನ? ನೀಮನ್‌ಗೆ?"

"ಹೂಂ. ನನಗೆ ಕ್ಯಾಚರ್ ಬೇಕು."

"ನನ್ನ ಮುಖ ನೋಡಿ ಹೇಳು."

ಡ್ವೈಟ್ ನೋಡಲಿಲ್ಲ.

"ಲೋ ಲೆಮ್ಕಿ, ನಿನ್ನ ಮಗನ ಮದುವೆ ದಿನ ಚರ್ಚಿನ ಮೆಟ್ಟಿಲ ಮೇಲೆ ನಿಲ್ಲಿಸ್ಕೊಂಡು ನನ್ನ ಹತ್ರ ಇಬ್ಬರು ಪಿಚರ್‌ಗಳನ್ನ ಲಪಟಾಯಿಸಿದ ಕಳ್ಳ ನೀನು. ಒಳಗೆ ಪಾದ್ರಿ ಕಾಯ್ತಾ ಇದ್ದ. ಇವತ್ತು ನನಗೆ ಭಿಕ್ಷೆ ಹಾಕೋಕೆ ಬಂದಿದೀಯಾ?"

"ಭಿಕ್ಷೆ ಅಲ್ಲ ಕಣೋ."

"ಮತ್ತೇನು? ನೀವೆಲ್ಲ ಸೇರಿ ನನ್ನನ್ನ ಹೂತುಬಿಟ್ರಿ. ಒಬ್ಬನಾದ್ರೂ ಬೈಯಲ್ಲ. ಮೋಸ ಮಾಡೋ ನನಗೆ. ಒಂದೇ ಒಂದ್ಸಲ, ಮೊದಲಿನ ಹಾಗೆ. ನಾನು ಹಿಡೀತೀನೋ ಇಲ್ವೋ ನೋಡು. ನಿನಗೆ ಕೈಮುಗೀತೀನಿ."

ಡ್ವೈಟ್ ಮೆಟ್ಟಿಲ ಮೇಲೆ ಅವನ ಕಡೆ ತಿರುಗಿ ಕುಳಿತ. ಹಳೆಯ ವ್ಯಾಪಾರದ ದನಿಯಲ್ಲಿ ಶುರುಮಾಡಿದ.

"ಸರಿ. ಎರಿಕ್ ಬಾಲ್ಚ್‌ನ ಕೊಡ್ತೀನಿ. ನನ್ನ ಹೊಟ್ಟೆ ಉರೀತಾ ಇದೆ, ಆದರೂ ಕೊಡ್ತೀನಿ. ಓಟ್ಸ್, ಮಾರ್ಟೆಲ್ ಇಬ್ಬರನ್ನೂ ಬಿಟ್ಟುಕೊಡು."

ಬಾಲ್ಚ್‌ನ ಮೊಣಕೈಗೆ ಮೇ ತಿಂಗಳಲ್ಲಿ ಆಪರೇಷನ್ ಆಗಿತ್ತು. ಮುಂದಿನ ವರ್ಷದವರೆಗೆ ಅವನು ಚೆಂಡು ಮುಟ್ಟುವಂತಿರಲಿಲ್ಲ. ಬೇಸ್‌ಬಾಲ್ ಎಂದರೇನು ಎಂದು ತಿಳಿದವರಿಗೆಲ್ಲ ಅದು ಗೊತ್ತಿತ್ತು. ಎರ್ನಿಯೇ ಆ ಸುದ್ದಿ ಕೇಳಿ ಮಾರ್ಗೀಗೆ ಹೇಳಿದ್ದ.

ಎರ್ನಿ ಯೋಚಿಸಿದ. ಬಾಲ್ಚ್. ಎತ್ತರದ ಆಳು, ಎಡಗೈ, ಚೆಂಡು ಕೊನೆಯ ಗಳಿಗೆಯಲ್ಲಿ ಕೆಳಗೆ ಜಾರುತ್ತದೆ. ಎಲ್ಲವೂ ಸ್ಪಷ್ಟವಾಗಿ ಕಂಡಿತು. ಇನ್ನೇನೋ ಒಂದಿದೆ ಅನ್ನಿಸಿತು. ಹುಡುಕಿದ. ಅಂಥದ್ದೇನೂ ಇರಲಿಲ್ಲ.

"ಬಾಲ್ಚ್ ಕಣೋ," ಎಂದ ಡ್ವೈಟ್. "ಎರಿಕ್ ಬಾಲ್ಚ್. ಅವನ ಕೈ ಗೊತ್ತಲ್ಲ ನಿನಗೆ?"

"ಗೊತ್ತಿಲ್ದೆ ಏನು? ಭಾರೀ ಕೈ ಅವನದು." ಎರ್ನಿ ಕುರ್ಚಿಯಿಂದ ಮುಂದೆ ಬಾಗಿ ಕೈ ಚಾಚಿದ. ಇಷ್ಟು ಒಳ್ಳೆಯ ಪಿಚರ್ ಇಷ್ಟು ಸುಲಭವಾಗಿ ಸಿಗುತ್ತಾನೆಂದು ಅವನು ಎಣಿಸಿರಲಿಲ್ಲ. "ಆಗ್ಲಿ, ಕುದುರಿತು. ಥ್ಯಾಂಕ್ಸ್ ಡ್ವೈಟ್."

ಡ್ವೈಟ್ ಆ ಕೈ ಹಿಡಿದುಕೊಂಡ. ಬಿಡಲಿಲ್ಲ. ಅವನು ಏನಕ್ಕೋ ಕಾಯುತ್ತಿರುವಂತೆ ತನ್ನ ಮುಖವನ್ನೇ ನೋಡುತ್ತಿರುವುದು ಏಕೆಂದು ಎರ್ನಿಗೆ ತಿಳಿಯಲಿಲ್ಲ. ಅವನು ಮತ್ತೊಮ್ಮೆ, ಇನ್ನಷ್ಟು ವಿನಯದಿಂದ, ಥ್ಯಾಂಕ್ಸ್ ಹೇಳಿದ.